ಯಾವೂರಾಯ್ತು?

ಎರಡೂ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನೀರಿಗೆ ಎರಡು ಹಿಡಿ ಉಪ್ಪು ಹಾಕಿದ್ದೇನೆ. ನಿನ್ನೆ 23,000 ಹೆಜ್ಜೆ ನಡೆದಿದ್ದಕ್ಕೆ ಫೋನು ನನಗೆ ಶಹಬ್ಬಾಸ್ ಹೇಳಿದೆ. ಅದು ಸಲ್ಲಬೇಕಾದ್ದು ನಮ್ಮ ಭಾವನಿಗೆ.

ನ್ಯೂಯಾರ್ಕಿನಲ್ಲಿ ಇರುವವರಿಗೆಲ್ಲ ಗೊತ್ತಿರುವ ಕಷ್ಟವೇ ಇದು. ಊರಿಂದ ನೆಂಟರು ಬರುತ್ತಾರೆ. ಮೊದಲ ಎರಡು ದಿನ ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಕತ್ತು ನೋಯುವಷ್ಟು ಎತ್ತರದ ಕಟ್ಟಡಗಳು. ಮೂರನೇ ದಿನ ಬೆಳಗ್ಗೆ ಕಾಫಿ ಹೀರುತ್ತಾ, "ಇದೆಲ್ಲ ಟೀವೀಲಿ ನೋಡಿದ್ದೇ ಕಣಮ್ಮ. ಇಲ್ಲಿ ಒಂದೊಂದು ದೇಶದೋರಿಗೆ ಒಂದೊಂದು ಏರಿಯಾ ಇದೆಯಂತಲ್ಲ, ಯಾವ್ದು ಚೆನ್ನಾಗಿದೆ?" ಎನ್ನುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಲಿಟಲ್ ಇಟಲಿ, ಚೈನಾಟೌನ್, ಜ್ಯಾಕ್ಸನ್ ಹೈಟ್ಸ್ ಅಂತ ನನಗಿಷ್ಟವಾದವನ್ನೆಲ್ಲ ಉತ್ಸಾಹದಿಂದ ಹೇಳಿಬಿಟ್ಟೆ. ಭಾವ ಒಂದು ಹಳೇ ಲಕೋಟೆಯ ಹಿಂದೆ ಬರೆದುಕೊಂಡರು. ಅಕ್ಕ ಮಾತ್ರ "ನಂಗೆ ಮಂಡಿ ನೋವು, ನೀವಿಬ್ರೂ ಹೋಗ್ಬನ್ನಿ" ಅಂದು ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಂಡಿ ನೋವಿದ್ದವರು ಹಾಗೆ ಕೂರೋಕಾಗುತ್ತಾ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ಭಾವ ಒಳ್ಳೆಯವರು. ಆದರೆ ಅವರು ಯಾರನ್ನು ಕಂಡರೂ "ಯಾವೂರಾಯ್ತು?" ಅಂತ ಕೇಳದೆ ಬಿಡುವುದಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವುದು ಸಹಜ, ಅಲ್ವಾ? ಇವರದ್ದು ಅದಕ್ಕಿಂತ ಒಂದು ಕೈ ಮೇಲೆ. ಅಂಚೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ಬರೀ ಊರಿನ ಹೆಸರು ಸಾಲದು. ಜಿಲ್ಲೆ, ತಾಲ್ಲೂಕು, ಸಾಧ್ಯವಾದರೆ ಹೋಬಳಿ. ವಿಳಾಸ ಪೂರ್ತಿಯಾಗದೆ ಅವರಿಗೆ ಮನುಷ್ಯ ಅರ್ಥವಾಗುವುದಿಲ್ಲ.

ಈ ಊರಿನ ಸಬ್‌ವೇ ರೈಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎದುರಿಗೆ ಯಾರಾದರೂ ಹೆಗಲ ಮೇಲೆ ಹೆಬ್ಬಾವು ಹಾಕಿಕೊಂಡು ಕೂತಿದ್ದರೂ ನಾವು ಜಾಹೀರಾತು ಓದುತ್ತೇವೆ. ಹದಿನಾಲ್ಕು ವರ್ಷದಲ್ಲಿ ನಾನು ಕಷ್ಟಪಟ್ಟು ಕಲಿತ ವಿದ್ಯೆ ಅದು. ಭಾವ ಮೂರು ಸ್ಟೇಷನ್ ದಾಟುವುದರೊಳಗೆ ಇಬ್ಬರ ವಿಳಾಸ ತೆಗೆದಿದ್ದರು. ನಾನು ಜಾಹೀರಾತು ಓದುತ್ತಿದ್ದೆ.

ಮೊದಲು ಲಿಟಲ್ ಇಟಲಿ. ಮಲ್ಬೆರಿ ಸ್ಟ್ರೀಟ್ ತುಂಬ ಕೆಂಪು, ಬಿಳಿ, ಹಸಿರು ತೋರಣ. ಅಲ್ಲಿ ಇಟಲಿಯವರೇ ಅಪರೂಪ ಅಂತ ಇಲ್ಲಿನವರಿಗೆ ಗೊತ್ತು. 2010ರ ಹೊತ್ತಿನ ಜನಗಣತಿ ಸಮೀಕ್ಷೆಯಲ್ಲಿ ಆ ಏರಿಯಾದ ಸುಮಾರು 8,600 ಜನರ ಪೈಕಿ ಇಟಲಿಯಲ್ಲಿ ಹುಟ್ಟಿದವರು ಒಬ್ಬರೂ ಸಿಕ್ಕಿರಲಿಲ್ಲ. ಇದನ್ನು ಭಾವನಿಗೆ ಹೇಳಿ ಅವರ ಖುಷಿ ಯಾಕೆ ಕೆಡಿಸಬೇಕು ಅಂತ ಸುಮ್ಮನಿದ್ದೆ. ತಪ್ಪಾಯಿತು. ಪಾಸ್ತಾ ತಂದಿಟ್ಟ ಹುಡುಗನಿಗೆ ಭಾವ, "ಯೂ... ಇಟಲಿ? ವಿಚ್ ಪ್ಲೇಸ್?" ಅಂದರು.

"ಮೆಕ್ಸಿಕೋ."

ಇಲ್ಲಿಗೆ ಬಿಡಬೇಕಲ್ಲವಾ. "ಮೆಕ್ಸಿಕೋ ವಿಚ್ ಪ್ಲೇಸ್?" ಪುಯೆಬ್ಲಾ ಅಂದ. "ಪುಯೆಬ್ಲಾ ಸಿಟೀನಾ, ಹಳ್ಳೀನಾ?" ನನ್ನ ಕಡೆ ತಿರುಗಿ, "ತಾಲ್ಲೂಕಿಗೆ ಇಂಗ್ಲಿಷಲ್ಲಿ ಏನಂತಾರಮ್ಮ?" ಪಕ್ಕದ ಟೇಬಲ್ಲಿನವರು ಫೋರ್ಕ್ ಕೆಳಗಿಟ್ಟು ನೋಡುತ್ತಿದ್ದರು. ನಾನು ಮೆನು ಕಾರ್ಡಿನೊಳಗೆ ತಲೆ ಹುದುಗಿಸಿದೆ. ತಲೆ ಎತ್ತುವ ಹೊತ್ತಿಗೆ ಆ ಹುಡುಗ ಫೋನ್ ತೆಗೆದು ಅವರ ಹಳ್ಳಿ, ಹಿಂದೆ ಹೊಗೆಯಾಡುವ ಬೆಟ್ಟ, ಅವರಮ್ಮನ ಕೋಳಿಗಳು, ಎಲ್ಲ ತೋರಿಸುತ್ತಿದ್ದ. ಭಾವ ಕನ್ನಡಕ ಹಣೆಗೇರಿಸಿ ಕೋಳಿ ಎಣಿಸುತ್ತಿದ್ದರು. ಕೊನೆಗೆ ಒಂದು ತಿರಾಮಿಸು ಬಂತು, ದುಡ್ಡಿಲ್ಲದೆ. ಇಷ್ಟು ವರ್ಷದಲ್ಲಿ ಈ ಊರಿನಲ್ಲಿ ನನಗೆ ಯಾರೂ ಒಂದು ಲೋಟ ನೀರನ್ನೂ ಹೆಚ್ಚಿಗೆ ಕೊಟ್ಟಿಲ್ಲ.

ಚೈನಾಟೌನಿಗೆ ಹೋಗಲು ಬೀದಿ ದಾಟಿದರೆ ಸಾಕು. ಎರಡೂ ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆಯೆಂದರೆ 2010ರಲ್ಲಿ ಎರಡನ್ನೂ ಸೇರಿಸಿಯೇ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಹಾಕಿದರು. ಅಲ್ಲಿ ಹಣ್ಣಿನಂಗಡಿಯ ಅಜ್ಜಿ ಭಾವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಬದಲಿಗೆ ಒಂದು ಕೆಜಿ ಲಿಚಿ ತೂಗಿ ಕೈಗಿಟ್ಟಳು. ನನಗೆ ಆ ಅಜ್ಜಿ ತುಂಬ ಹಿಡಿಸಿದಳು.

ಆಮೇಲೆ ಜ್ಯಾಕ್ಸನ್ ಹೈಟ್ಸ್. ನಾವೆಲ್ಲ ಕರಿಬೇವಿಗೆ, ಹುಣಸೆಹಣ್ಣಿಗೆ ಅಂತ ಹೋಗುವ ಜಾಗ. 74ನೇ ಬೀದಿಗೆ ಕಲ್ಪನಾ ಚಾವ್ಲಾ ಹೆಸರಿದೆ. ಪಕ್ಕದ 73ನೇ ಬೀದಿಯಲ್ಲಿ ಬಾಂಗ್ಲಾದೇಶದ ಹೆಸರಿನ ಬೋರ್ಡು. ಮೇಲುಗಡೆ ಕಬ್ಬಿಣದ ಕಂಬಗಳ ಮೇಲೆ 7ನೇ ನಂಬರ್ ರೈಲು. ಅದು ಬಂದಾಗಲೆಲ್ಲ ಕೆಳಗಿನವರ ಮಾತು ಅರ್ಧಕ್ಕೇ ನಿಲ್ಲುತ್ತದೆ. ರೈಲು ಹೋದ ಮೇಲೆ ಎಲ್ಲರೂ ಬಿಟ್ಟ ಜಾಗದಿಂದ ಶುರು ಮಾಡುತ್ತಾರೆ.

ಈ ಏರಿಯಾಗಳನ್ನು ಸುತ್ತುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಇಟಲಿಯವರು ಇಲ್ಲದಿದ್ದರೂ ಅವರ ಬೀದಿ ಇದೆ. ನಾವು ಕನ್ನಡದವರು ಇದ್ದೇವೆ, ಬೀದಿ ಇಲ್ಲ. ಫ್ಲಶಿಂಗಿನಲ್ಲಿ 1977ರಿಂದ ಗಣೇಶನ ಗುಡಿ ಇದೆ, ಅದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ, ಹೌದು. ಆದರೆ ದೋಸೆ ಎಲ್ಲರದ್ದು. ಕನ್ನಡದವರು ಒಬ್ಬರು ನ್ಯೂಜೆರ್ಸಿ, ಒಬ್ಬರು ಲಾಂಗ್ ಐಲೆಂಡ್. ಯುಗಾದಿಗೆ ಯಾವುದೋ ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಸೇರುತ್ತೇವೆ. ಸಂಜೆ ಐದಕ್ಕೆ ಹಾಲ್ ಬಿಟ್ಟುಕೊಡಬೇಕು. ಬಿಸಿಬೇಳೆಬಾತಿನ ಪಾತ್ರೆ ಕಾರಿನ ಡಿಕ್ಕಿಗೆ ಹೋಯಿತೆಂದರೆ ನಮ್ಮ ಏರಿಯಾ ಮುಗಿಯಿತು.

ರೈಲಿನ ಕೆಳಗೆ ಒಂದು ಮೊಮೊ ಗಾಡಿ ಇದೆ. ಆರು ವರ್ಷದಿಂದ ಅಲ್ಲೇ ತಿನ್ನುತ್ತೇನೆ. ಗಾಡಿಯ ಹೆಂಗಸಿಗೂ ನನಗೂ ಇರುವ ಮಾತು ಒಂದೇ: "ಒನ್ ಪ್ಲೇಟ್ ವೆಜ್, ಥ್ಯಾಂಕ್ಯೂ." ಭಾವ ಗಾಡಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಾಗಲೇ ನಾನು "ಬೇಡ ಭಾವ, ಅವರು ಬ್ಯುಸಿ ಇದಾರೆ" ಅಂದೆ.

"ವಿಚ್ ಪ್ಲೇಸ್ ಅಮ್ಮ? ನೇಪಾಳ?"

ಆಕೆ ತಲೆ ಎತ್ತದೆ, "ನೋ, ಟಿಬೆಟನ್. ಬಾರ್ನ್ ಇನ್ ಇಂಡಿಯಾ" ಅಂದಳು.

"ಇಂಡಿಯಾ ವಿಚ್ ಪ್ಲೇಸ್?"

"ಸೌತ್. ಬೈಲ..." ಅಷ್ಟರಲ್ಲಿ ರೈಲು ಬಂತು. ಧಡಧಡ. ಭಾವ ಕಿವಿಗೆ ಕೈ ಕೊಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು, ತಂತಿ ಬರುವುದನ್ನು ಕಾಯುವವರ ಹಾಗೆ ನಿಂತಿದ್ದರು. ಬೋಗಿ ಮೇಲೆ ಬೋಗಿ. ಸದ್ದು ನಿಂತ ತಕ್ಷಣ ಆಕೆ ಹೇಳಿದಳು: "ಬೈಲಕುಪ್ಪೆ."

"ಪಿರಿಯಾಪಟ್ಟಣ ತಾಲ್ಲೂಕು!" ಭಾವ ಕೂಗಿದ ರಭಸಕ್ಕೆ ಸಾಲಿನಲ್ಲಿದ್ದ ಇಬ್ಬರು ಹಿಂದೆ ಸರಿದರು.

ಆಕೆ ಸೌಟು ಹಿಡಿದವಳು ಹಾಗೇ ನಿಂತಳು. ಆಮೇಲೆ ಚೊಕ್ಕ ಕನ್ನಡದಲ್ಲಿ, "ಚಟ್ನಿ ಖಾರ ಇದೆ ಸಾರ್, ಜಾಸ್ತಿ ಹಾಕ್ಲಾ?" ಅಂದಳು.

ಆರು ವರ್ಷ! ನಾನು ಅದೇ ಗಾಡಿಯ ಮುಂದೆ ನಿಂತು ಫೋನಿನಲ್ಲಿ ಅಕ್ಕನ ಜೊತೆ ಊರಿನವರನ್ನೆಲ್ಲ ಆಡಿಕೊಂಡಿದ್ದೇನೆ. ನಾದಿನಿಯ ಮದುವೆ ಜಗಳ ಪೂರ್ತಿ ಅಲ್ಲೇ ಹೇಳಿದ್ದೆ. ಆಕೆಗೆ ಎಲ್ಲ ಗೊತ್ತು. "ಆ ಮದ್ವೆ ಆಯ್ತಾ ಅಕ್ಕ?" ಅಂತ ಕೇಳಿಯೇಬಿಟ್ಟಳು. ಆಯ್ತು ಅಂದೆ. "ಯಾಕೆ ಒಂದು ದಿನಾನೂ ಮಾತಾಡ್ಲಿಲ್ಲ?" ಅಂತ ಕೇಳಿದ್ದಕ್ಕೆ, "ನೀವು ಕೇಳ್ಲಿಲ್ವಲ್ಲ" ಅಂದಳು. ಪ್ಲೇಟಿಗೆ ಎರಡು ಮೊಮೊ ಹೆಚ್ಚಿಗೆ ಬಿತ್ತು. ಭಾವನ ಪ್ಲೇಟಿಗೆ.

"ನಿಮ್ದು ಯಾವೂರು ಅಕ್ಕ?"

ನನ್ನ ಬಾಯಲ್ಲಿ ಬಿಸಿ ಮೊಮೊ. ಹಾ ಹೂ ಅನ್ನುವಷ್ಟರಲ್ಲಿ ಭಾವನೇ ಹೇಳಿಬಿಟ್ಟರು. ನನ್ನ ಗಂಡನ ಊರು, ತಾಲ್ಲೂಕು, ಪಿನ್ ಕೋಡ್ ಸಮೇತ. ನನ್ನೂರು ಅದಲ್ಲ, ತಿಪಟೂರು. ಹೇಳೋಣವೆಂದರೆ ಮತ್ತೆ ರೈಲು.

ನಾಳೆ ಬ್ರೈಟನ್ ಬೀಚಂತೆ. ರಷ್ಯಾ, ಯುಕ್ರೇನ್ ಕಡೆಯವರ ಏರಿಯಾ. ಲಕೋಟೆಯಲ್ಲಿ ಅದಕ್ಕೆ ಎರಡು ಗೆರೆ ಎಳೆದಿದ್ದಾರೆ. ನನಗೂ ಮಂಡಿ ನೋವು ಶುರುವಾಗಿದೆ ಅಂತ ಈಗಷ್ಟೇ ಅಕ್ಕನಿಗೆ ಹೇಳಿದೆ.

"ಅದು ನಂದು" ಅಂದಳು ಸೋಫಾದಿಂದಲೇ. "ನೀನು ಸೊಂಟ ಅಂತ ಹೇಳು."