ಒಬ್ಬರ ಕೈಯಾಗಿನ ಗಾಡಿ

ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟ ಕಡೆ ಕಬ್ಬಿನ ಹಂಗಾಮು ಮುಗಿಯುತ್ತಿದ್ದಂತೆ ಮಾರಾಟಕ್ಕಿಟ್ಟ ಹಳೇ ಟ್ರ್ಯಾಕ್ಟರಿಗೆ ಬಣ್ಣ ಹೊಡೆಯುವ ಹಂಗಾಮು ಶುರುವಾಗುತ್ತದೆ. ಚಳಿಗಾಲವಿಡೀ ಎರಡೆರಡು ಟ್ರ್ಯಾಲಿ ಎಳೆದ ಗಾಡಿ ಏಪ್ರಿಲಿನಲ್ಲಿ ಮದುಮಗನಂತೆ ನಿಂತಿರುತ್ತದೆ. "ಒಬ್ಬರ ಕೈಯಾಗಿನ ಗಾಡಿರಿ ಅಣ್ಣಾರ, ಬರೇ ಹೊಲದಾಗ ನಡದೈತಿ" ಅಂತಾನೆ ದಲ್ಲಾಳಿ. ಸುಳ್ಳೇನಲ್ಲ. ಕಾರ್ಖಾನೆಯ ದಾರಿಯೂ ಹೊಲದಿಂದಲೇ ಶುರುವಾಗುತ್ತದಲ್ಲ!

ಬಣ್ಣ ಬಿಟ್ಟು ಹಿಂದಿನ ಹುಕ್ಕು ನೋಡಿ. ಪಿನ್ನಿನ ತೂತು ದುಂಡಗಿರದೆ ಉದ್ದಕ್ಕೆ ಸವೆದಿದ್ದರೆ ಅದು ಟ್ರ್ಯಾಲಿ ಎಳೆದ ಗಾಡಿ. ಅಂಥದರಲ್ಲಿ ನೇಗಿಲು ಎತ್ತುವ ಹೈಡ್ರಾಲಿಕ್ಕಿಗೆ ಕೆಲಸವೇ ಬಿದ್ದಿರುವುದಿಲ್ಲ, ಆದ್ದರಿಂದ ಅದನ್ನೇ ಎತ್ತಿ ಇಳಿಸಿ ತೋರಿಸುತ್ತಾರೆ. ತಿಂದುಹೋಗಿರುವುದು ಕ್ಲಚ್ ಪ್ಲೇಟು, ಬ್ರೇಕು, ಗೇರು. ನೇಗಿಲು ಹೊಡೆದ ಗಾಡಿಯಾದರೆ ಪರೀಕ್ಷೆ ಬೇರೆ: ನೇಗಿಲು ಎತ್ತಿ, ಎಂಜಿನ್ ಬಂದ್ ಮಾಡಿ, ದಲ್ಲಾಳಿಯ ಖರ್ಚಿನಲ್ಲೇ ಚಹಾ ಕುಡಿಯಿರಿ. ಚಹಾ ಮುಗಿಯುವಷ್ಟರಲ್ಲಿ ನೇಗಿಲು ನೆಲ ಮುಟ್ಟಿದರೆ ಲಿಫ್ಟಿನ ಸೀಲೋ ವಾಲ್ವೋ ಸೋರುತ್ತಿದೆ.

ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿರುವುದು ಸಾಮಾನ್ಯ. ಸೈಲೆನ್ಸರ್ ಬೆಚ್ಚಗಿದ್ದರೆ ಮಾತಿಲ್ಲದೆ ವಾಪಸ್ ಬಂದು, ಮರುದಿನ ಬೆಳಿಗ್ಗೆ ಹೇಳದೆ ಹೋಗಿ. ತಣ್ಣಗಿನ ಎಂಜಿನ್ ಮಾತ್ರ ನಿಜ ಹೇಳುತ್ತದೆ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಎಂಜಿನ್ನಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲೂ ಹೊಗೆ ಜೋರಾಗಿ ನುಗ್ಗಿದರೆ ಪಿಸ್ಟನ್ ರಿಂಗು, ಸಿಲಿಂಡರ್ ಲೈನರು ಹೋಗಿವೆ. ಡಿಪ್‌ಸ್ಟಿಕ್‌ಗೆ ಹಾಲು ಬೆರೆತಂಥ ಆಯಿಲ್ ಅಂಟಿದರೆ ಒಳಗೆ ನೀರು ಸೇರಿದೆ, ಚೌಕಾಸಿ ಬೇಡ. ಎಂಜಿನ್ ಓಡಿದ ಲೆಕ್ಕದ ಮೀಟರು 1,800 ಗಂಟೆ ತೋರಿಸುತ್ತಿರಬಹುದು, ಆದರೆ ಗೆರೆ ಅಳಿಸಿ ನುಣುಪಾದ ಕ್ಲಚ್ ಪೆಡಲಿಗೆ ಲೆಕ್ಕ ಚೆನ್ನಾಗಿ ಗೊತ್ತು.

ಪರದೇಶದವರ ಹುಡುಕಾಟವೇ ಬೇರೆ. ಅಮೆರಿಕದಲ್ಲಿ ಸಣ್ಣ ಜಮೀನಿನವರು ಮೊದಲು ಕೇಳುವುದು ಮುಂದೆ ಬಕೆಟ್ಟಿನ ಲೋಡರ್ ಇದೆಯೇ ಅಂತ. ಜಪಾನಿನ ಗದ್ದೆಗಳಲ್ಲಿ ದುಡಿದ ಪುಟಾಣಿ ಕುಬೋಟಾ, ಯಾನ್ಮಾರ್ ಟ್ರ್ಯಾಕ್ಟರುಗಳು ಹಡಗು ಹತ್ತಿ ಪರದೇಶ ಸೇರುತ್ತವೆ. ಗುಂಡಿಗಳ ಮೇಲೆಲ್ಲ ಜಪಾನಿ ಅಕ್ಷರ, ಕೊಂಡವನು ಒಂದೊಂದೇ ಒತ್ತಿ ನೋಡಬೇಕು. ಜರ್ಮನಿಯಲ್ಲಿ ಕ್ಯಾಬಿನ್ ಬೇಕೇ ಬೇಕು. ನಮ್ಮಲ್ಲಿ ಕ್ಯಾಬಿನ್ ಹಾಕಿದರೆ ಎರಡೂ ಮಡ್‌ಗಾರ್ಡಿನ ಮೇಲೆ ಕೂರುವ ಬೀಗರು ಎಲ್ಲಿಗೆ ಹೋಗಬೇಕು? ಬ್ರಿಟನ್ನಿನಲ್ಲಿ ಹಳೇ ಮ್ಯಾಸ್ಸಿ ಫರ್ಗ್ಯೂಸನ್ 35 ಟ್ರ್ಯಾಕ್ಟರ್ ತಿಕ್ಕಿ ತೊಳೆದು ಮೆರವಣಿಗೆಗೆ ಒಯ್ಯುತ್ತಾರೆ. ಅದೇ ವಂಶದ 1035 ನಮ್ಮಲ್ಲಿ ಇನ್ನೂ ಹರಗುತ್ತಿದೆ, ಪಾಪ, ಪಿಂಚಣಿ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಜತ್ತಕ್ಕೂ ಅಮೆರಿಕದ ಅಯೋವಾಕ್ಕೂ ಒಮ್ಮತವಿದೆ. 1963ರಿಂದ 1972ರ ತನಕ ತಯಾರಾದ ಜಾನ್ ಡಿಯರ್ 4020ಕ್ಕೆ ಅಲ್ಲಿ ಈಗಲೂ ಗಿರಾಕಿಗಳಿದ್ದಾರೆ. ಪಾನಾ ಹಿಡಿದರೆ ಬಿಚ್ಚಬಹುದು, ಲ್ಯಾಪ್‌ಟಾಪ್ ಬೇಕಿಲ್ಲ. ನಮ್ಮ ಮಿಸ್ತ್ರಿಯೂ ಅದನ್ನೇ ಹೇಳುತ್ತಾನೆ.

ಸಾಂಗಲಿ ನೋಂದಣಿಯ ಎಂಎಚ್ 10 ಗಾಡಿಯನ್ನು ವಿಜಯಪುರದವರು ಕೊಂಡರೆ ಅಲ್ಲಿನ ಆರ್‌ಟಿಓದ ಎನ್‌ಓಸಿ, ಅಂದರೆ ಅಡ್ಡಿಯಿಲ್ಲ ಎಂಬ ಪತ್ರ ಬೇಕು, ಅದು ಫಾರಂ 28. ವರ್ಗಾವಣೆಗೆ 29, 30. ಸಾಲದ ಗಾಡಿಯಾದರೆ ಸಾಲ ತೀರಿದೆ ಅಂತ ಬ್ಯಾಂಕಿನ ಸಹಿ ಇರುವ ಫಾರಂ 35. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಜೊತೆ ಹೋಲಿಸಿ. ಸಂಚಕಾರದ ಮುಂಗಡ ಹಣ ಕೊಡುವ ದಿನವೇ ಬ್ಯಾಟರಿ, ಟೈರುಗಳ ನಂಬರಿನ ಫೋಟೋ ಹೊಡೆದುಕೊಳ್ಳಿ. ಇಲ್ಲದಿದ್ದರೆ ಗಾಡಿ ಒಯ್ಯಲು ಹೋದಾಗ ಹೊಸ ಬ್ಯಾಟರಿ ಪಕ್ಕದ ಗಾಡಿಯಲ್ಲಿ ಕೂತಿರುತ್ತದೆ, ನೀವು ನಾಲ್ಕು ಮಂದಿ ಸೇರಿ ದೂಡುತ್ತಿರುತ್ತೀರಿ.