ಎಲ್‌ಕೆಜಿಗೆ ಮೊದಲೇ ಮನೆಯಲ್ಲಿ ಅಕ್ಷರ ತಿದ್ದಿಸಬೇಕೆ?

ಮೈಸೂರಿನ ಒಂದು ಮನೆ. ಮಾರ್ಚ್‌ನಲ್ಲಿ ನಾಲ್ಕು ತುಂಬಿದ ಮಗಳು ಜೂನ್‌ಗೆ ಎಲ್‌ಕೆಜಿಗೆ ಹೊರಟಿದ್ದಾಳೆ. ಅಕ್ಷರ ಕಲಿಸಿಯೇ ಕಳಿಸಬೇಕು ಎನ್ನುತ್ತಾಳೆ ಅಮ್ಮ. ಬೇಡ ಎನ್ನುತ್ತಾರೆ ಅಜ್ಜಿ. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಇಬ್ಬರೂ ತಮ್ಮ ಮಾತನ್ನು ಬರೆದು ಕೊಟ್ಟಿದ್ದಾರೆ.

ಪರ: ಮೊದಲ ಅಕ್ಷರ ಮನೆಯದ್ದಾಗಲಿ (ಅಮ್ಮ)

ಬ್ಯಾಗು ಬಂದು ಹದಿನೈದು ದಿನವಾಯಿತು. ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ಓಡಾಡುತ್ತಾಳೆ. ಒಳಗೆ ಕ್ರೇಯಾನ್ ಡಬ್ಬ, ಅಜ್ಜಿಯ ಹಳೆಯ ಕನ್ನಡಕದ ಪೆಟ್ಟಿಗೆ, ಅರ್ಧ ತಿಂದ ಬಿಸ್ಕತ್ತು. "ಸ್ಕೂಲಿಗೆ ಹೋಗಿ ಬರ್ತೀನಮ್ಮ" ಎಂದು ಗೇಟಿನ ತನಕ ಹೋಗಿ ವಾಪಸ್ ಬರುತ್ತಾಳೆ. ದಿನಕ್ಕೆ ಹತ್ತು ಸಲ ಹೋಗಿ ಬರುತ್ತಾಳೆ. ನಾನು ಪ್ರತಿ ಸಲವೂ ಟಾಟಾ ಮಾಡುತ್ತೇನೆ. ಒಂದೊಂದು ಸಲ ಕಣ್ಣು ತುಂಬಿ ಬರುತ್ತದೆ.

ಜನವರಿಯಲ್ಲಿ ಅಡ್ಮಿಷನ್‌ಗೆಂದು ಒಂದು ಶಾಲೆಗೆ ಹೋಗಿದ್ದೆವು. ಮಗುವಿನ ಜೊತೆ ಸುಮ್ನೆ ಮಾತಾಡುತ್ತೇವೆ ಅಂದರು. ಟೀಚರ್ ಒಂದು ಸೇಬಿನ ಚಿತ್ರ ತೋರಿಸಿದರು. "ಸೇಬು" ಎಂದಳು ಇವಳು. ಸರಿಯಾದ ಉತ್ತರವೇ ಅಲ್ವಾ? ಟೀಚರ್ ನಗುತ್ತಲೇ "ಆ್ಯಪಲ್ ಅನ್ನು" ಎಂದರು. ಆನೆ ಎಂದಾಗ "ಎಲಿಫೆಂಟ್ ಅನ್ನು". ಕೊಡೆ ಎಂದಾಗ "ಅಂಬ್ರೆಲಾ ಅನ್ನು". ನಾಲ್ಕನೆಯದು ಮೊಲದ ಚಿತ್ರ. ಮೊಲ ಎಂದರೆ ಅವಳಿಗೆ ಪ್ರಾಣ. ಆದರೆ ಅವಳು ಬಾಯಿ ಬಿಡಲಿಲ್ಲ. ತಲೆ ತಗ್ಗಿಸಿ ನನ್ನ ಸೀರೆಯ ಸೆರಗು ಹಿಡಿದುಕೊಂಡಳು. ನಾವು ಆ ಶಾಲೆಗೆ ಸೇರಿಸಲಿಲ್ಲ. ಈಗ ಸೇರಿಸಿರುವುದೂ ಇಂಗ್ಲಿಷ್ ಮಾಧ್ಯಮವೇ. ಅಲ್ಲಿನ ಟೀಚರ್ ಮೃದು ಸ್ವಭಾವದವರು. ಪಾಠ ಮಾತ್ರ ಅದೇ.

ನನ್ನ ವಾದ ಹುಟ್ಟಿದ್ದು ಆ ದಿನ. ಕರ್ನಾಟಕದಲ್ಲಿ ಒಂದನೇ ತರಗತಿಯಿಂದ ಕನ್ನಡ ಕಲಿಸಲೇಬೇಕು ಎಂದು 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಹೇಳುತ್ತದೆ. 2017-18ರಿಂದ ಅದು ಹಂತ ಹಂತವಾಗಿ ಜಾರಿಗೆ ಬಂತು. ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಎಲ್‌ಕೆಜಿ, ಯುಕೆಜಿ ಎಂದು ಎರಡು ವರ್ಷ ಇದೆ. ಮಗು ಮೊದಲ ಸಲ ಪೆನ್ಸಿಲ್ ಹಿಡಿಯುವುದು, ಮೊದಲ ಸಲ ಒಂದು ಗುರುತಿಗೆ ಒಂದು ಶಬ್ದ ಇದೆ ಎಂದು ತಿಳಿಯುವುದು ಆಗಲೇ. ನಾನು ನೋಡಿದ ಹೆಚ್ಚಿನ ಶಾಲೆಗಳಲ್ಲಿ ಆ ಎರಡೂ ವರ್ಷ ಎಬಿಸಿಡಿಯದ್ದೇ. "ಅ" ಬರುವ ಹೊತ್ತಿಗೆ ಮಗುವಿಗೆ ಆರು ವರ್ಷ. ಓದುವುದು ಎಂದರೆ ಇಂಗ್ಲಿಷ್ ಎಂದು ಅದರ ಮನಸ್ಸಿನಲ್ಲಿ ಕೂತು ಆಗಿರುತ್ತದೆ. ಕನ್ನಡ ಎಂದರೆ ಕಷ್ಟದ ಒಂದು ಸಬ್ಜೆಕ್ಟ್, ಅಷ್ಟೇ.

ಇದು ಊಹೆಯಲ್ಲ. ನಾನೇ ಹಾಗೆ ಬೆಳೆದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಾತು ಚೆನ್ನಾಗಿದೆ, ಓದು ಕುಂಟುತ್ತದೆ. ಅತ್ತೆ ಬರೆದ ದಿನಸಿ ಚೀಟಿ ಓದಲು ನನಗೆ ಅಂಗಡಿಯ ಮುಂದೆ ಎರಡು ನಿಮಿಷ ಬೇಕು. ಕನ್ನಡದ ದಪ್ಪ ಪುಸ್ತಕ ಒಂದನ್ನೂ ಕೊನೆಯ ತನಕ ಓದಿಲ್ಲ. ಈ ಬರಹವನ್ನೂ ಫೋನಿಗೆ ಮಾತಾಡಿ ಟೈಪ್ ಮಾಡಿಸಿದ್ದೇನೆ. ನನ್ನ ತಾಯಿಯ ಭಾಷೆ ನನ್ನ ಕಿವಿಯಲ್ಲಿ ಇದೆ, ಕಣ್ಣಿಗೆ ಇಳಿಯಲೇ ಇಲ್ಲ. ಮಗಳಿಗೆ ಹೀಗಾಗಬಾರದು.

ನಾಲ್ಕು ವರ್ಷಕ್ಕೆ ಅಕ್ಷರ ಜಾಸ್ತಿಯಾಯಿತು ಎನ್ನುವವರಿಗೆ ಒಂದು ಮಾತು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಅಲ್ಲಿ ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳು ಆಡಿಸುತ್ತಿದ್ದರು. ನಾಲ್ಕು, ಐದು ವರ್ಷದವರು ತಾವಾಗಿಯೇ ಬರೆಯತೊಡಗಿದರು. 1939ರಲ್ಲಿ ಆಕೆ ಮದ್ರಾಸಿಗೆ ಬಂದು ಇಲ್ಲಿನ ಶಿಕ್ಷಕರಿಗೂ ಅದನ್ನು ಕಲಿಸಿದರು. ನಮ್ಮಲ್ಲೂ ಇದು ಹೊಸದೇನಲ್ಲ. ಹಿಂದಿನ ಕಾಲದ ಹಳ್ಳಿ ಶಾಲೆ, ಅಂದರೆ ಕೂಲಿ ಮಠದ ಐಗಳು ಮರಳಿನ ಮೇಲೆ ಬೆರಳಿನಿಂದಲೇ ತಿದ್ದಿಸುತ್ತಿದ್ದರು.

ನಾನು ಮಾಡುವುದೂ ಅಷ್ಟೇ. ಸಂಜೆ ಹತ್ತು ನಿಮಿಷ. ಊಟದ ತಟ್ಟೆಯಲ್ಲಿ ಒಂದು ಹಿಡಿ ರವೆ. ಪುಸ್ತಕ ಇಲ್ಲ, ಪೆನ್ಸಿಲ್ ಇಲ್ಲ, ಬೈಗುಳ ಇಲ್ಲ. "ಅ" ಎಂದರೆ ಅಜ್ಜಿ, "ಮ" ಎಂದರೆ ಮೊಲ. ಬೇಜಾರಾದರೆ ಎದ್ದು ಹೋಗಬಹುದು. ಈಗ ಏಳು ಅಕ್ಷರ ಬರುತ್ತವೆ. ಮೊನ್ನೆ ಸಿಟಿ ಬಸ್ಸಿನ ಬೋರ್ಡಿನಲ್ಲಿ "ಮೈಸೂರು" ನೋಡಿ, "ಅಮ್ಮಾ, ನನ್ನ ಮೊಲದ ಮ!" ಎಂದು ಕೂಗಿದಳು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜನವರಿಯಲ್ಲಿ ಬಾಯಿಗೆ ಬಾರದೆ ಹೋದ ಮೊಲ ಅದು.

ಅತ್ತೆಗೆ ಇದು ಇಷ್ಟವಿಲ್ಲ. ಅವರು ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವರು. ಅವರ ಮಾತು ತೆಗೆದುಹಾಕಲು ನನಗೆ ಧೈರ್ಯವಿಲ್ಲ. ಆದರೆ ಈಗಿನ ಎಲ್‌ಕೆಜಿ ಅವರ ಶಾಲೆಯ ಹಾಗಿಲ್ಲ. ನಮ್ಮ ರಸ್ತೆಯಲ್ಲೇ ಎಲ್‌ಕೆಜಿ ಮಕ್ಕಳಿಗೆ ಟ್ಯೂಷನ್ ನಡೆಯುತ್ತಿದೆ. ಅಕ್ಕಪಕ್ಕದ ಮಕ್ಕಳು ನೂರರ ತನಕ ಎಣಿಸಿಕೊಂಡೇ ಒಳಗೆ ಹೋಗುತ್ತಾರೆ. ಏನೂ ಬಾರದ ಮಗು ಮೊದಲ ವಾರದಲ್ಲೇ "ನನಗೆ ಗೊತ್ತಿಲ್ಲ" ಎಂಬ ಮಾತು ಕಲಿಯುತ್ತದೆ. ಅತ್ತೆಯಂಥ ಟೀಚರ್ ಸಿಗುತ್ತಾರೆ ಎಂದು ಗೊತ್ತಿದ್ದರೆ ನಾನು ರವೆಯ ಡಬ್ಬಿಯನ್ನೇ ತೆಗೆಯುತ್ತಿರಲಿಲ್ಲ.

ವಿರೋಧ: ಕೈ ಮೊದಲು, ಕಿವಿ ಮೊದಲು (ಅಜ್ಜಿ)

ಕಳೆದ ವಿಜಯದಶಮಿಗೆ ಶೃಂಗೇರಿಗೆ ಹೋಗಿ ಪುಟ್ಟಿಗೆ ಅಕ್ಷರಾಭ್ಯಾಸ ಮಾಡಿಸಿದೆವು. ತಟ್ಟೆಯ ಅಕ್ಕಿಯ ಮೇಲೆ ಅವಳ ಬೆರಳು ಹಿಡಿದದ್ದು ನನ್ನ ಮಗ. ಬರೆದದ್ದೂ ಅವನೇ. ಅವನು ಕೈ ಬಿಟ್ಟ ಮೇಲೆ ಪುಟ್ಟಿ ಒಂದು ಮುಷ್ಟಿ ಅಕ್ಕಿ ಹಿಡಿದು ಮೆಲ್ಲಗೆ ಸುರಿದಳು. ಮತ್ತೆ ಹಿಡಿದಳು, ಮತ್ತೆ ಸುರಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಎಬ್ಬಿಸಿಕೊಂಡು ಬರಬೇಕಾಯಿತು. ಅವಳ ವಯಸ್ಸಿನ ಅಭ್ಯಾಸ ಆ ಸುರಿಯುವುದರಲ್ಲೇ ಇತ್ತು ಎಂದು ನನಗೆ ಆಗಲೂ ಅನಿಸಿತು, ಈಗಲೂ ಅನಿಸುತ್ತದೆ.

ನಾನು ಕೆಲಸ ಮಾಡಿದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ಅಲ್ಲೇ. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ, ಯುನಿಸೆಫ್ ನೆರವಿನಲ್ಲಿ, ನಮ್ಮ ತಾಲ್ಲೂಕಿನ ಮೇಷ್ಟ್ರುಗಳು, ಟೀಚರ್‌ಗಳೇ ಕೂತು ಕಾರ್ಡು ಬರೆದರು. 2009-10ರ ಹೊತ್ತಿಗೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋಯಿತು. ಗೋಡೆಯ ಮೇಲೆ ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಕೆಲಸ ತೂಗುಹಾಕುವ ಚಪ್ಪರ. ಏಣಿಯ ಕೆಳಗಿನ ಮೆಟ್ಟಿಲಲ್ಲಿ ಅಕ್ಷರ ಇರಲಿಲ್ಲ. ಹಾಡು, ಕತೆ, ಚಿತ್ರ, ಗೆರೆ, ಸುತ್ತು ಇದ್ದವು. ಆಮೇಲೆ ಅಕ್ಷರ. ಅದೂ ಅ ಆ ಇ ಈ ಅಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ.

ಯಾಕೆ ಹೀಗೆ? ರ ಒಂದು ಸುತ್ತಿನ ಅಕ್ಷರ, ಕೈಗೆ ಸುಲಭ. ಮೊದಲ ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ಐದೇ ಅಕ್ಷರಕ್ಕೆ ಇಷ್ಟು ಪದ! ಅ ಆ ಇ ಈ ಉ ಊ ಕಲಿತ ಮಗುವಿಗೆ ಓದಲು ಏನೂ ಸಿಗುವುದಿಲ್ಲ. ಸೊಸೆ "ಅ" ಇಂದ ಶುರು ಮಾಡಿದ್ದಾಳೆ. ವರ್ಣಮಾಲೆಯಲ್ಲಿ ಅದು ಮೊದಲು. ಒಳಕ್ಕೆ ಸುತ್ತಿ, ಹೊರಕ್ಕೆ ಬಂದು, ಮತ್ತೆ ಬಾಗುವ ಆ ಅಕ್ಷರ ಎಳೆಯ ಕೈಗೆ ಮೊದಲನೆಯದಲ್ಲ.

ಒಬ್ಬ ಹುಡುಗ ನೆನಪಾಗುತ್ತಾನೆ. ಶಾಲೆಗೆ ಸೇರುವ ಮೊದಲೇ ಅವನ ಅಪ್ಪ 49 ಅಕ್ಷರವನ್ನೂ ಬಾಯಿಪಾಠ ಮಾಡಿಸಿದ್ದರು. ನಾನು "ಮ" ತೋರಿಸಿ ಇದೇನು ಎಂದರೆ, ಅವನು "ಅ" ಇಂದ ಹೇಳಿಕೊಂಡು ಬಂದು "ಮ"ದ ಹತ್ತಿರ ನಿಲ್ಲುತ್ತಿದ್ದ. ಬರೆಯುವಾಗ ಎಲ್ಲ ಅಕ್ಷರವನ್ನೂ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದ್ದ. ಏನೂ ಗೊತ್ತಿಲ್ಲದೆ ಬಂದ ಮಕ್ಕಳು ದೀಪಾವಳಿಯ ಹೊತ್ತಿಗೆ ಪದ ಓದುತ್ತಿದ್ದರು. ಅವನ ಕೈ ತಿದ್ದಲು ನನಗೆ ಒಂದೂವರೆ ವರ್ಷ ಬೇಕಾಯಿತು. ಅಷ್ಟರಲ್ಲಿ ಅವನಿಗೆ ಬರೆಯುವುದೇ ಬೇಡವಾಗಿತ್ತು. ಆ ಅಪ್ಪ ಕೆಟ್ಟವರಲ್ಲ. ಮಗನ ಮೇಲಿನ ಪ್ರೀತಿಯಿಂದಲೇ ಮಾಡಿದ್ದರು.

ಇನ್ನು ಕೈಯ ವಿಷಯ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ನಾಲ್ಕು ವರ್ಷದ ಮಗುವಿಗೆ ಅವುಗಳಲ್ಲಿ ಹೆಚ್ಚಿನವು ಇನ್ನೂ ಗಟ್ಟಿಯಾಗಿರುವುದಿಲ್ಲ. ಆ ಕೈಗೆ ಬೇರೆ ಕೆಲಸ ಬೇಕು. ಡಿಸೆಂಬರಿನಲ್ಲಿ ಪುಟ್ಟಿ ನನ್ನ ಪಕ್ಕ ಕೂತು ನೆನೆಸಿದ ಅವರೆಕಾಳು ಹಿಚುಕಿದಳು. ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ನಾಳೆ ಪೆನ್ಸಿಲ್ ಹಿಡಿಯಬೇಕಾದ ಬೆರಳು ಅವೇ. ಚಪಾತಿ ಹಿಟ್ಟು ನಾದಲಿ, ಹೂ ಪೋಣಿಸಲಿ, ಬಾಗಿಲ ಮುಂದೆ ರಂಗೋಲಿ ಚುಕ್ಕಿ ಇಡಲಿ. ರವೆಯ ತಟ್ಟೆಯೂ ಇರಲಿ, ನನ್ನದೇನೂ ತಕರಾರಿಲ್ಲ. ಅದರಲ್ಲಿ ಸುತ್ತು, ಅಲೆ, ಬೆಟ್ಟ ಎಳೆಯಲಿ. ಮಾಂಟೆಸ್ಸರಿ ಬಗ್ಗೆ ಸೊಸೆ ಬರೆದದ್ದು ನಿಜ. ಆದರೆ ಅಲ್ಲಿನ ಮಕ್ಕಳು ಅಕ್ಷರಕ್ಕೆ ಮೊದಲು ಹಿಡಿಯಿರುವ ಮರದ ಸಿಲಿಂಡರುಗಳನ್ನು ಕುಳಿಯಲ್ಲಿ ಕೂರಿಸುತ್ತಿದ್ದರು, ಚೌಕಟ್ಟಿಗೆ ಕಟ್ಟಿದ ಬಟ್ಟೆಗೆ ಗುಂಡಿ ಹಾಕಿ ತೆಗೆದು ಮಾಡುತ್ತಿದ್ದರು. ಬೆರಳು ಹದವಾದ ಮೇಲೆ ಬರವಣಿಗೆ ತಾನಾಗಿ ಬಂತು.

ಕಿವಿಯೂ ಹಾಗೆಯೇ. ನಮ್ಮ ಕಡೆ ಹಾಲಿಗೆ "ಆಲು" ಎನ್ನುತ್ತೇವೆ, ಹಸುವಿಗೆ "ಅಸ". ಅದು ನಮ್ಮ ಮಾತಿನ ಸೊಗಸು, ತಪ್ಪಲ್ಲ. ಆದರೆ ಹ ಮತ್ತು ಅ ಬೇರೆ ಬೇರೆ ಎಂದು ಕೇಳಿಸದ ಮಗುವಿಗೆ ಎರಡು ಗುರುತು ತೋರಿಸಿದರೆ ಗೊಂದಲವೇ. ಕತೆ, ಒಗಟು, ಪ್ರಾಸದ ಹಾಡು, "ಗ ಇಂದ ಶುರುವಾಗುವ ಸಾಮಾನು ಅಡುಗೆಮನೆಯಲ್ಲಿ ಏನಿದೆ" ಎಂಬ ಆಟ. ಇವೇ ಓದಿನ ತಳಪಾಯ.

ಸೊಸೆಯ ಬರಹದಲ್ಲಿ ನನ್ನನ್ನು ಕಲಕಿದ್ದು ಸೇಬಿನ ಕತೆ. ಅವಳ ನೋವು ನನಗೆ ಅರ್ಥವಾಗುತ್ತದೆ. ಆದರೆ ನೋಡಿ, ಆ ದಿನ ಪುಟ್ಟಿಯಿಂದ ಕಿತ್ತುಕೊಂಡದ್ದು ಅಕ್ಷರವನ್ನಲ್ಲ, ಮಾತನ್ನು. 49 ಅಕ್ಷರ ಬಂದಿದ್ದರೂ ಅವಳು ಅಲ್ಲಿ ಸುಮ್ಮನಾಗುತ್ತಿದ್ದಳು. ಅಲ್ಲಿ ಬಾಯಿ ತೆರೆಯಬೇಕಾದವರು ನಾವು, ದೊಡ್ಡವರು. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಮನೆಯ ಮಾತಿನಲ್ಲೇ ಕಲಿಸಬೇಕು ಎಂದು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಹೇಳುತ್ತದೆ. ಅದನ್ನು ಶಾಲೆಗೆ ಹೋಗಿ ಕೇಳೋಣ. ನಾನೂ ಬರುತ್ತೇನೆ. ಶಾಲೆ ಮಾಡಬೇಕಾದ ಕೆಲಸವನ್ನು ನಾಲ್ಕು ವರ್ಷದ ಮಗುವಿನ ಹೆಗಲಿಗೆ ಹಾಕುವುದು ಬೇಡ. ಸೊಸೆಗೆ ಕನ್ನಡ ಓದು ಕುಂಟಿದ್ದು "ಅ" ತಡವಾಗಿ ಬಂದದ್ದರಿಂದ ಅಲ್ಲ ಎಂದು ನನ್ನ ನಂಬಿಕೆ. ಓದಿ ಹೇಳುವವರು ಅವಳಿಗೆ ಸಿಗಲಿಲ್ಲ. ಪುಟ್ಟಿಗೆ ನಾನಿದ್ದೇನೆ. ರಾತ್ರಿ ಒಂದು ಕತೆ ಓದುತ್ತೇನೆ, ಬೆರಳನ್ನು ಸಾಲಿನ ಕೆಳಗೆ ಆಡಿಸುತ್ತಾ. ಅವಳೇ "ಇದೇನು" ಎಂದು ಕೇಳಿದರೆ ಹೇಳುತ್ತೇನೆ. ಬಸ್ಸಿನ "ಮ" ಅವಳು ತಾನಾಗಿ ಕಂಡದ್ದು. ಅದು ನನಗೂ ಸಂತೋಷವೇ.

ಅವಸರ ಯಾಕೆ ಎಂಬುದು ನನ್ನ ಪ್ರಶ್ನೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಎಂದು ನಮ್ಮ ಸರ್ಕಾರ ನಿಯಮ ಮಾಡಿತು. ಪೋಷಕರ ಒತ್ತಾಯಕ್ಕೆ 2025-26ರ ಒಂದು ಸಾಲಿಗೆ ಮಾತ್ರ, ಯುಕೆಜಿ ಮುಗಿಸಿದವರಿಗೆ, 5 ವರ್ಷ 5 ತಿಂಗಳಿಗೆ ಇಳಿಸಿತು. ಆ ಕೆಲವು ತಿಂಗಳಿಗಾಗಿ ಎಷ್ಟು ಓಡಾಟ! ಪುಟ್ಟಿಯ ಕೈಯಲ್ಲಿ ಇನ್ನೂ ಪೂರ್ತಿ ಎರಡು ವರ್ಷ ಇದೆ. ಕಿಂಡರ್‌ಗಾರ್ಟನ್ ಎಂದರೆ ಮಕ್ಕಳ ತೋಟ. 1840ರಲ್ಲಿ ಆ ಹೆಸರಿಟ್ಟ ಜರ್ಮನಿಯ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ಗೋಲ, ಘನ, ತೋಟದಲ್ಲಿ ಒಂದು ಪಾತಿ. ನಮ್ಮಲ್ಲೂ ಹಿಂದೆ ಅದಕ್ಕೆ ಶಿಶುವಿಹಾರ ಎನ್ನುತ್ತಿದ್ದರು. ಎಂಥ ಚಂದದ ಹೆಸರು.

ತಯಾರಿ ಬೇಡ ಎಂದು ನಾನು ಹೇಳುವುದಿಲ್ಲ. ಜೂನ್‌ಗೆ ಮೊದಲು ಅವಳಿಗೆ ಬರಬೇಕಾದ್ದು ಬಹಳ ಇದೆ. ಸುಸು ಬಂದರೆ ಹೊಸಬರ ಹತ್ತಿರವೂ ಹೇಳಬೇಕು. ನೀರಿನ ಬಾಟಲಿ ತಿರುಗಿಸಿ ತೆಗೆಯಬೇಕು. ಯಾರಾದರೂ ತಳ್ಳಿದರೆ "ತಳ್ಳಬೇಡ" ಎನ್ನಬೇಕು. ಶೂ ಯಾವ ಕಾಲಿಗೆ ಯಾವುದು ಎಂದು ತಿಳಿಯಬೇಕು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ಹಿತ್ತಿಲಿನಲ್ಲಿ ಕೂತು ಟಿಫನ್ ಡಬ್ಬಿಯಿಂದಲೇ ತಿನ್ನುತ್ತೇವೆ. ನಿನ್ನೆ ಮುಚ್ಚಳದ ಎರಡೂ ಕ್ಲಿಪ್ಪು ತಾನೇ ತೆಗೆದಳು. ಅಮ್ಮನಿಗೆ ತೋರಿಸಲು ಡಬ್ಬಿ ಎತ್ತಿಕೊಂಡು ಒಳಗೆ ಓಡಿದಳು. ಚಿತ್ರಾನ್ನ ಹಾಲ್ ತುಂಬ ಚೆಲ್ಲಿತು. ಸೊಸೆ ಬೈಯಲಿಲ್ಲ. ಮೂವರೂ ಕೂತು ಒಂದೊಂದೇ ಅಗುಳು ಹೆಕ್ಕಿದೆವು.