ಕಿಡೆಪೊಗೆ ಹೊರಟವರ ಪ್ಯಾಂಟು, ಪ್ಲಗ್ಗು, ಪಾಸ್‌ಪೋರ್ಟು

ಆಫ್ರಿಕಾ ಸಫಾರಿ ಎಂದರೆ ಮಸಾಯಿ ಮಾರ ಎಂದು ಕಣ್ಣುಮುಚ್ಚಿ ಬುಕ್ ಮಾಡುವವರು ಸುಖಿಗಳು. ಉಪ್ಪಿಟ್ಟಿನಿಂದ ಉಪ್ಪಿನಕಾಯಿಯವರೆಗೆ ಟೂರಿನವರೇ ನೋಡಿಕೊಳ್ಳುತ್ತಾರೆ. ಫಜೀತಿಯೆಲ್ಲ "ಎಲ್ಲರೂ ಹೋಗೋ ಕಡೆ ನಾವ್ಯಾಕ್ರೀ ಹೋಗ್ಬೇಕು?" ಎಂದು ಮ್ಯಾಪು ಬಿಡಿಸಿ, ಉಗಾಂಡದ ಈಶಾನ್ಯ ಮೂಲೆಯಲ್ಲಿ ದಕ್ಷಿಣ ಸುಡಾನ್ ಗಡಿಗೆ ಅಂಟಿಕೊಂಡಿರುವ ಕಿಡೆಪೊ ವ್ಯಾಲಿಯ ಮೇಲೆ ಬೆರಳಿಡುವವರಿಗೆ.

ಜಾಗವೇನೋ ಭರ್ಜರಿ. 1962ರಲ್ಲಿ ರಾಷ್ಟ್ರೀಯ ಉದ್ಯಾನವಾದದ್ದು, ವಿಸ್ತೀರ್ಣ 1,442 ಚದರ ಕಿ.ಮೀ. ಅಂದರೆ ನಮ್ಮ ನಾಗರಹೊಳೆಯ ಎರಡು ಪಟ್ಟಿಗೂ ಮೇಲೆ. ಸಿಂಹ, ಆನೆ, ಜಿರಾಫೆ, ನೂರಾರು ಕಾಡೆಮ್ಮೆಗಳ ಹಿಂಡು ಎಲ್ಲ ಇವೆ, ಒಂದು ಸಿಂಹದ ಸುತ್ತ ಇಪ್ಪತ್ತು ಜೀಪು ನಿಲ್ಲುವ ಜಾತ್ರೆ ಮಾತ್ರ ಇಲ್ಲ. ಪ್ರಾಣಿಗಳು ತಮ್ಮ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡುತ್ತವೆ. ಎಡವಟ್ಟಾಗುವುದು ಬಹುತೇಕ ಬಸವನಗುಡಿಯಲ್ಲೋ ವಿಜಯನಗರದಲ್ಲೋ, ಸೂಟ್‌ಕೇಸಿನ ಜಿಪ್ ಎಳೆಯುವ ಮೊದಲೇ.

ಮೊದಲನೆಯದು ಹೆಸರು. ಕನ್ನಡಿಗರ ಇನಿಷಿಯಲ್ಲು ಪಾಸ್‌ಪೋರ್ಟಿಗೆ ಬಂದಾಗ ಊರು, ಅಪ್ಪ, ಅಜ್ಜ ಎಲ್ಲರೂ ಬಿಚ್ಚಿಕೊಂಡು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಸರ್‌ನೇಮ್ ಜಾಗ ಮಾತ್ರ ಖಾಲಿ. ವೀಸಾ ಫಾರಂ ಖಾಲಿ ಬಿಡಲು ಒಪ್ಪದಿದ್ದರೆ ಕೆಲವರು ಅಲ್ಲಿ ಊರ ಹೆಸರು ತುಂಬುತ್ತಾರೆ, ಟಿಕೆಟ್ಟಿನಲ್ಲಿ ಅಪ್ಪನ ಹೆಸರು, ಲಸಿಕೆ ಕಾರ್ಡಿನಲ್ಲಿ ಬರೀ "ವೆಂಕಟೇಶ". ಒಬ್ಬರೇ ಹೊರಟರೂ ಕಾಗದದ ಮೇಲೆ ಮೂವರು ಪ್ರಯಾಣಿಕರು. ಸರ್‌ನೇಮ್ ಬೇಕೇ ಬೇಕು ಎಂದು ಫಾರಂ ಹಟ ಹಿಡಿದರೆ ಗಿವನ್ ನೇಮ್, ಸರ್‌ನೇಮ್ ಎರಡೂ ಕಡೆ ಪಾಸ್‌ಪೋರ್ಟಿನಲ್ಲಿರುವ ಅದೇ ಹೆಸರು ಹಾಕಿ. ಟಿಕೆಟ್ಟು, ವೀಸಾ, ಕಾರ್ಡು ಮೂರರಲ್ಲೂ ಅಕ್ಷರಗಳು ತಾಳೆಯಾಗಲಿ.

ಎರಡನೆಯದು ಹಳದಿ ಜ್ವರದ ಲಸಿಕೆ. ಇ-ವೀಸಾ ಅರ್ಜಿಗೇ ಇದರ ಕಾರ್ಡನ್ನು ಸ್ಕ್ಯಾನ್ ಮಾಡಿ ಹಾಕಬೇಕು. ಹಾಗಾಗಿ ಲಸಿಕೆ ಮೊದಲು, ವೀಸಾ ಆಮೇಲೆ. ಇದನ್ನು ಉಲ್ಟಾ ಹಿಡಿದವರು ಹೊರಡುವ ವಾರದಲ್ಲಿ ಊರಿಡೀ ಓಡಾಡುತ್ತಾರೆ. ಸರ್ಕಾರದಿಂದ ಗೊತ್ತುಪಡಿಸಿದ ಕೇಂದ್ರಗಳಲ್ಲಷ್ಟೇ ಈ ಸೂಜಿ ಸಿಗುವುದು, ಅದೂ ಸಾಮಾನ್ಯವಾಗಿ ಇಂಥ ದಿನ ಎಂದಿರುತ್ತದೆ. ಕಾರಣ ಸರಳ: ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಡೋಸು, ಕಲಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ನೀವೊಬ್ಬರೇ ಹೋಗಿ ತೋಳು ಚಾಚಿದರೆ ಸೀಸೆ ಒಡೆಯುವವರಿಲ್ಲ. ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಕಾರ್ಡಿಗೆ ಜೀವ. ಒಮ್ಮೆ ಬಂದರೆ ಆಜೀವ ಪರ್ಯಂತ. 60 ದಾಟಿದವರು ವೈದ್ಯರನ್ನು ಕೇಳದೆ ಹೋಗಬಾರದು. ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುವುದರಿಂದ ಮೊಟ್ಟೆಯ ತೀವ್ರ ಅಲರ್ಜಿ ಇದ್ದವರೂ ಮೊದಲೇ ಹೇಳಬೇಕು. (ಮಡಿಯವರಿಗೆ ಈ ವಾಕ್ಯ ಓದಿ ಹೇಳಬೇಡಿ.)

ಈ ಕಾರ್ಡಿಗೆ ವಾಪಸು ಬರುವಾಗ ಇನ್ನೂ ಬೆಲೆ. ಉಗಾಂಡದಿಂದ ಇಳಿದವರ ಕೈಯಲ್ಲಿ ಸರಿಯಾದ ಕಾರ್ಡಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಕ್ವಾರಂಟೈನಿಗೆ ಹಾಕಬಹುದು. ಕಾರ್ಡನ್ನು "ಜೋಪಾನವಾಗಿರಲಿ" ಎಂದು ಚೆಕ್-ಇನ್ ಬ್ಯಾಗಿನ ತಳದಲ್ಲಿ, ಸೀರೆ ಮಡಿಕೆಯೊಳಗೆ ಇಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಆರೋಗ್ಯ ಅಧಿಕಾರಿಯ ಮೇಜು ಇರುವುದು ಬ್ಯಾಗು ಬರುವ ಬೆಲ್ಟಿಗಿಂತ ಮುಂಚೆ.

ಇನ್ನು ಬಟ್ಟೆ. ಕಬಿನಿಗೆ ಹೋಗುವಾಗ ಕೊಂಡ ಮಿಲಿಟರಿ ಚುಕ್ಕೆಯ ಪ್ಯಾಂಟು, ಅದೇ ಬಣ್ಣದ ಟೋಪಿ ಕಪಾಟಿನಿಂದ ಹೊರಬರುತ್ತವೆ. ದಯವಿಟ್ಟು ಒಳಗಿಡಿ. ಉಗಾಂಡದಲ್ಲಿ ಸೈನ್ಯದವರಲ್ಲದವರು ಅಂಥ ಬಟ್ಟೆ ತೊಡುವುದು ಅಪರಾಧ. ಜಿಂಕೆಗೆ ಕಾಣಬಾರದೆಂದು ಹಾಕಿದ ಪ್ಯಾಂಟು ಪೊಲೀಸರಿಗೆ ಚೆನ್ನಾಗಿ ಕಾಣುತ್ತದೆ. ಸರಿ, ನೀಲಿ ಜೀನ್ಸೇ ಇರಲಿ ಎಂದರೆ ಅಲ್ಲಿ ಕಾದಿರುವುದು ತ್ಸೆತ್ಸೆ ನೊಣ. ನೀಲಿ ಮತ್ತು ಕಪ್ಪು ಬಣ್ಣ ಅದಕ್ಕೆ ಎಷ್ಟು ಇಷ್ಟವೆಂದರೆ, ಅದನ್ನು ಹಿಡಿಯಲು ತೂಗುಹಾಕುವ ಬಲೆಗಳನ್ನು ಆ ಎರಡೇ ಬಣ್ಣದ ಬಟ್ಟೆಯಲ್ಲಿ ಹೊಲಿಯುತ್ತಾರೆ. ಜೀನ್ಸು ತೊಟ್ಟವರು ಸಂಬಳವಿಲ್ಲದೆ ಬಲೆಯ ಕೆಲಸ ಮಾಡುತ್ತಾರೆ. ಉತ್ತರಕ್ಕೆ ಕನಂಗೊರೊಕ್ ಬಿಸಿನೀರಿನ ಬುಗ್ಗೆಯ ದಾರಿಯಲ್ಲಿ ಇದರ ಕಾಟ ಜೋರು. ಚಲಿಸುವ ದೊಡ್ಡ ಆಕೃತಿ ಕಂಡರೆ ಎಮ್ಮೆಯೆಂದುಕೊಂಡು ಬೆನ್ನಟ್ಟುವ ನೊಣ ಇದು, ಜೀಪಿಗೂ ಎಮ್ಮೆಗೂ ಭೇದ ಮಾಡುವುದಿಲ್ಲ. ತೆಳು ಬಟ್ಟೆಯ ಮೇಲಿಂದಲೇ ಚುಚ್ಚುತ್ತದೆ. ಸೊಳ್ಳೆಗೆ ಹಚ್ಚುವ ಕ್ರೀಮಿಗೆ ಅಷ್ಟಾಗಿ ಜಗ್ಗುವುದಿಲ್ಲ. ಫಟ್ಟೆಂದು ಹೊಡೆದರೆ ಕೆಳಗೆ ಬಿದ್ದು ಮೈಕೊಡವಿ ಮತ್ತೆ ಏಳುತ್ತದೆ, ಒತ್ತಿ ಹೊಸಕಬೇಕು. ಖಾಕಿ, ಮಾಸಲು ಹಸಿರು, ಕಂದು ಬಣ್ಣದ ದಪ್ಪ ಹತ್ತಿ ಬಟ್ಟೆ ಮತ್ತು ಏರಿಸಿದ ಗಾಜು, ಇವೆರಡೇ ಮದ್ದು.

ಹೋಗುವ ದಾರಿ ಎರಡು. ರಾಜಧಾನಿ ಕಂಪಾಲಾ ಬಳಿಯ ಎಂಟೆಬೆ ವಿಮಾನ ನಿಲ್ದಾಣದಿಂದ ಉದ್ಯಾನದೊಳಗಿನ ಅಪೋಕಾದ ಮಣ್ಣಿನ ರನ್‌ವೇಗೆ ಸಣ್ಣ ವಿಮಾನದಲ್ಲಿ ಸುಮಾರು 2 ಗಂಟೆ. ಲಗೇಜು ಸಾಮಾನ್ಯವಾಗಿ ತಲೆಗೆ 15 ಕೆ.ಜಿ., ಕೈಚೀಲವೂ ಸೇರಿ, ಅದೂ ಮೆತ್ತಗಿನ ಬ್ಯಾಗಿನಲ್ಲಿ. ಸಾಮಾನು ತುರುಕುವುದು ವಿಮಾನದ ಹೊಟ್ಟೆಯಡಿಯ ಗಿಡ್ಡ ಗೂಡಿಗೆ. ನಾಲ್ಕು ಚಕ್ರದ ಗಟ್ಟಿ ಸೂಟ್‌ಕೇಸು ತೂಕದಲ್ಲಿ ಪಾಸಾದರೂ ಬಾಗಿಲಲ್ಲಿ ಫೇಲು. ತಕ್ಕಡಿ ಮೇಲೆ ಬ್ಯಾಗಿನ ಜೊತೆ ಪ್ರಯಾಣಿಕರನ್ನೂ ನಿಲ್ಲಿಸುವುದುಂಟು. ಮುಳ್ಳು ಎಲ್ಲಿ ನಿಂತಿತೆಂದು ಪಕ್ಕದವರು ಬಗ್ಗಿ ನೋಡುತ್ತಾರೆ, ಇದಕ್ಕೆ ಪರಿಹಾರವಿಲ್ಲ.

ಎರಡನೆಯದು ರಸ್ತೆ. ಕಂಪಾಲಾದಿಂದ ಕರುಮಾದಲ್ಲಿ ನೈಲ್ ನದಿ ದಾಟಿ, ಗುಲು, ಕಿಟ್‌ಗುಮ್ ಮೇಲೆ 500 ಕಿ.ಮೀ.ಗೂ ಹೆಚ್ಚು. ಬೆಂಗಳೂರಿನಿಂದ ಹುಬ್ಬಳ್ಳಿಯ ಲೆಕ್ಕ ಹಾಕಿ "ಏಳು ಗಂಟೆ ಸಾಕು" ಎನ್ನುವವರಿದ್ದಾರೆ. ಹತ್ತು ಗಂಟೆಗೆ ಮುಗಿದರೆ ಪುಣ್ಯ. ಗುಲುವಿನಲ್ಲೋ ಕಿಟ್‌ಗುಮ್‌ನಲ್ಲೋ ರಾತ್ರಿ ತಂಗಿ. ಕಿಟ್‌ಗುಮ್‌ನಲ್ಲೇ ಟ್ಯಾಂಕು ತುಂಬಿಸಿ, ಮುಂದೆ ಬಂಕಿನ ಭರವಸೆ ಬೇಡ. ಡಿಸೆಂಬರಿನಿಂದ ಮಾರ್ಚಿವರೆಗೆ ಒಣಹವೆ. ನೀರು ಉಳಿಯುವುದು ನರುಸ್ ಕಣಿವೆಯಲ್ಲಿ, ಆದ್ದರಿಂದ ಪ್ರಾಣಿಗಳೂ ಅಲ್ಲೇ. ಕಿಡೆಪೊ ನದಿಯಲ್ಲಿ ಆಗ ಇರುವುದು ಬರೀ ಮರಳು. ದೋಣಿವಿಹಾರ ಎಷ್ಟು ಗಂಟೆಗೆ ಎಂದು ಕೇಳಬೇಡಿ. ಮಕ್ಕಳ ಬೇಸಿಗೆ ರಜೆ ನೋಡಿ ಏಪ್ರಿಲ್, ಮೇ ಗೊತ್ತುಮಾಡಿದರೆ ಮಳೆ ಶುರು. ಅಲ್ಲಿ ಎಷ್ಟೋ ಕಡೆ ಎರೆಮಣ್ಣು. ಗದಗದ ಕಡೆಯವರಿಗೆ ಇದಕ್ಕಿಂತ ವಿವರಣೆ ಬೇಡ, ಬೇರೆಯವರಿಗೆ ಹೇಳುವುದಾದರೆ: ಫೋರ್ ವೀಲ್ ಡ್ರೈವ್ ಗಾಡಿಯ ನಾಲ್ಕೂ ಚಕ್ರಗಳು ಒಟ್ಟಿಗೇ ಹೂತುಕೊಳ್ಳುತ್ತವೆ. ಹಗ್ಗ, ಸನಿಕೆ, ಎರಡು ಸ್ಟೆಪ್ನಿ ಇವೆಯೇ ಎಂದು ಡ್ರೈವರನ್ನು ಕಂಪಾಲಾದಲ್ಲೇ ಕೇಳಿ.

ದುಡ್ಡಿನ ವಿಷಯ. ಸ್ಕ್ಯಾನರ್ ಹುಡುಕಬೇಡಿ, ನಮ್ಮ ಫೋನಿನ ಪೇ ಅಲ್ಲಿ ನಡೆಯದು. ಡಾಲರ್ ನಡೆಯುತ್ತದೆ, ಆದರೆ 2009ಕ್ಕಿಂತ ಹಳೆಯ ನೋಟು, ಹರಿದ ನೋಟು, ಪೆನ್ನಿನಲ್ಲಿ ಲೆಕ್ಕ ಬರೆದ ನೋಟುಗಳನ್ನು ಬಹಳ ಕಡೆ ಮುಟ್ಟುವುದಿಲ್ಲ. ಭಾವ ಅಮೆರಿಕದಿಂದ 1998ರಲ್ಲಿ ತಂದು ಬೀರುವಿನಲ್ಲಿಟ್ಟ ಡಾಲರು ಬೀರುವಿನಲ್ಲೇ ಕ್ಷೇಮ. 50, 100ರ ನೋಟಿಗೆ ಒಳ್ಳೆಯ ದರ, ಚಿಲ್ಲರೆ ನೋಟಿಗೆ ಕಮ್ಮಿ.

ಊಟಕ್ಕೆಂದು ಎಂಟಿಆರ್ ಪೊಟ್ಟಣ ಒಯ್ಯುವುದು ಸರಿ. ರಾಗಿಹಿಟ್ಟು ಹೊತ್ತೊಯ್ಯುವುದು ಮಾತ್ರ ತಮಾಷೆ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ, ಅಲ್ಲಿಂದ ನಮ್ಮಲ್ಲಿಗೆ ಬಂದದ್ದು. ಉಗಾಂಡದವರು ಅದಕ್ಕೆ ಮರಗೆಣಸಿನ ಹಿಟ್ಟು ಬೆರೆಸಿ ತೊಳಸಿದ ಗಟ್ಟಿ ಮುದ್ದೆಗೆ "ಕಾಲೋ" ಎನ್ನುತ್ತಾರೆ. ಮುಸುಕಿನ ಜೋಳದ ಹಿಟ್ಟಿನದು "ಪೋಶೋ", ಜೊತೆಗೆ ಹುರುಳಿಕಾಯಿಯ ಕೆಂಪು ಕಾಳಿನ ಸಾರು, "ಡೋಡೋ" ಎಂಬ ದಂಟಿನ ಸೊಪ್ಪು. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಆದರೆ ಅಪೋಕಾ ಉಳಿದಾಣದಲ್ಲಿ ಬಾಳೆಹಣ್ಣು, ಮಾವು ಕೋಣೆಯೊಳಗೆ ಇಡಬೇಡಿ. ಗುಡಿಸಲುಗಳ ನಡುವೆ ಜೀಬ್ರಾ ಮೇಯುತ್ತವೆ, ಆನೆಯೂ ಬರುವುದುಂಟು, ಅದರ ಮೂಗು ಚುರುಕು.

ಕೊನೆಗೆ ಕಾಫಿ. ನಮ್ಮ ಗುಂಡು ಕಡ್ಡಿಯ ಪ್ಲಗ್ಗು ಅಲ್ಲಿಯ ಚೌಕ ಕಡ್ಡಿಯ ಸಾಕೆಟ್ಟಿಗೆ ಕೂರದು, ಅಡಾಪ್ಟರ್ ಬೇಕು. ಅಡಾಪ್ಟರ್ ಇದೆಯೆಂಬ ಧೈರ್ಯದಲ್ಲಿ 1,500 ವ್ಯಾಟಿನ ಕೆಟಲ್ ಸಿಕ್ಕಿಸಿದರೆ ಮುಗಿಯಿತು. ಕಾಡಿನ ಕ್ಯಾಂಪುಗಳಲ್ಲಿ ವಿದ್ಯುತ್ತು ಸೋಲಾರಿನದು ಅಥವಾ ಕೆಲವೇ ಗಂಟೆ ಓಡುವ ಜನರೇಟರಿನದು. ಬಲ್ಬು, ಮೊಬೈಲು, ಕ್ಯಾಮೆರಾ ಬ್ಯಾಟರಿಯ ಮಟ್ಟಿಗೆ ಅಳೆದು ಜೋಡಿಸಿದ ಇನ್ವರ್ಟರು ಅಷ್ಟು ಭಾರ ಎಳೆಯಲಾರದೆ ಟ್ರಿಪ್ ಆಗುತ್ತದೆ, ಅಕ್ಕಪಕ್ಕದ ಕೋಣೆಗಳಿಂದ ಮೂರು ನಾಲ್ಕು ಭಾಷೆಗಳಲ್ಲಿ ಒಂದೇ ಅರ್ಥದ ಮಾತು ಕೇಳುತ್ತದೆ. ಬಿಸಿನೀರು ಬೇಕಿದ್ದರೆ ಅಡುಗೆಮನೆಗೆ ಹೋಗಿ ಕೇಳಿ, ಒಲೆಯ ಮೇಲೆ ಕಾಯಿಸಿ ಕೊಡುತ್ತಾರೆ. ಫ್ಲಾಸ್ಕು ಮಾತ್ರ ನಿಮ್ಮದೇ ಇರಲಿ, ಅರ್ಧ ಲೀಟರಿನದು ಸಾಕು. ಒಂದು ಲೀಟರಿನದು ಆ 15 ಕೆ.ಜಿ.ಯಲ್ಲಿ ಕೂರುವುದಿಲ್ಲ.